ವರ್ಗಮೂಲಗಳ ಸಂಕಲನ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಒಂಬತ್ತನೆಯ ತರಗತಿಯಲ್ಲಿರುವ ನನ್ನ ಮಗಳು √2 + √8 = √10 ಎಂದು ಬರೆದಿದ್ದಳು. ಶಿಕ್ಷಕರು ಅದನ್ನು 3√2 ಎಂದು ತಿದ್ದಿದ್ದಾರೆ. √2 × √8 = √16 ಎಂಬುದು ಸರಿಯಾದರೆ, ಕೂಡುವಾಗ ಮಾತ್ರ ಅದೇ ರೀತಿ ಏಕೆ ನಡೆಯುವುದಿಲ್ಲ?
— ರೈತ ಓದುಗರು, ಚಿಂತಾಮಣಿ ತಾಲ್ಲೂಕು

ಉತ್ತರ: ತಾವು ರೈತರಾದ್ದರಿಂದ ಗುಂಟೆಯ ಲೆಕ್ಕದಿಂದಲೇ ಆರಂಭಿಸುತ್ತೇನೆ. ಒಂದು ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲದ ಚೌಕ. ಅಂದರೆ 1,089 ಚದರ ಅಡಿ. ಆದ್ದರಿಂದ ಎರಡು ಗುಂಟೆಯ ಚೌಕ ಜಮೀನಿನ ಒಂದು ಬದಿ 33√2 ಅಡಿ, ಎಂದರೆ ಸುಮಾರು 46.67 ಅಡಿ, ಎಂಟು ಗುಂಟೆಯ ಚೌಕದ ಬದಿ 33√8 ಅಡಿ, ಸುಮಾರು 93.34 ಅಡಿ. ಈ ಎರಡು ಬದಿಗಳನ್ನು ಒಂದೇ ಗೆರೆಯಲ್ಲಿ ಜೋಡಿಸಿದರೆ ಸುಮಾರು 140 ಅಡಿ ಆಗುತ್ತದೆ. ಹತ್ತು ಗುಂಟೆಯ ಚೌಕದ ಬದಿಯಾದರೋ ಸುಮಾರು 104.4 ಅಡಿ ಮಾತ್ರ. ತಮ್ಮ ಮಗಳು ಬದಿಗಳನ್ನು ಕೂಡಬೇಕಾದಲ್ಲಿ ವಿಸ್ತೀರ್ಣಗಳನ್ನು ಕೂಡಿದ್ದಾಳೆ.

ಆ 140 ಅಡಿಯನ್ನೇ ಬದಿಯಾಗಿಟ್ಟು ಚೌಕ ಎಳೆದರೆ ಅದು 18 ಗುಂಟೆಯಾಗುತ್ತದೆ. ಹೆಚ್ಚಿನ ಎಂಟು ಗುಂಟೆ ಎಲ್ಲಿಂದ ಬಂತು ಎಂಬುದೇ ಇಲ್ಲಿ ಗಮನಿಸಬೇಕಾದ ಸಂಗತಿ. ದೊಡ್ಡ ಚೌಕದ ಎರಡು ಎದುರು ಮೂಲೆಗಳಲ್ಲಿ ಎರಡು ಗುಂಟೆಯ ಮತ್ತು ಎಂಟು ಗುಂಟೆಯ ಚೌಕಗಳನ್ನು ಇಟ್ಟರೆ, ಉಳಿದ ಎರಡು ಮೂಲೆಗಳಲ್ಲಿ √2 × √8 = √16 = 4, ಅಂದರೆ ತಲಾ ನಾಲ್ಕು ಗುಂಟೆಯ ಆಯತಗಳು ಉಳಿಯುತ್ತವೆ. ತಾವು ಕೇಳಿದ ಗುಣಾಕಾರದ ನಿಯಮ ಹೀಗೆ ಸಂಕಲನದ ಒಳಗೇ ಕುಳಿತಿದೆ: (√2 + √8)² = 2 + 8 + 2√16 = 18.

ಇನ್ನು √18 ಏಕೆ 3√2 ಆಯಿತು? 18ನ್ನು 3 × 3 × 2 ಎಂದು ಅವಿಭಾಜ್ಯ ಅಪವರ್ತನಗಳಾಗಿ ಬಿಡಿಸಿ. ಜೋಡಿಯಾದ 3 ವರ್ಗಮೂಲ ಚಿಹ್ನೆಯಿಂದ ಹೊರಗೆ ಬರುತ್ತದೆ, ಜೋಡಿಯಿಲ್ಲದ 2 ಒಳಗೇ ಉಳಿಯುತ್ತದೆ. ಹಾಗೆಯೇ √8 = 2√2 ಆಗುವುದರಿಂದ √2 + 2√2 = 3√2. ಕರಣಿಗಳನ್ನು, ಅಂದರೆ √2ರಂತೆ ಪೂರ್ತಿ ಬಿಡಿಸಲಾಗದ ಮೂಲಗಳನ್ನು, ಸರಳಗೊಳಿಸುವವರೆಗೆ ಅವು ಸಜಾತಿಯೋ (ಒಂದೇ ಮೂಲದ ಗುಣಕಗಳೋ) ವಿಜಾತಿಯೋ (ಬೇರೆ ಬೇರೆ ಮೂಲಗಳವೋ) ಎಂದು ತೀರ್ಮಾನಿಸಬಾರದು. √2, √8, √50 ನೋಡಲು ಬೇರೆಯಾದರೂ ಮೂರೂ √2ರ ಪೂರ್ಣಾಂಕ ಗುಣಕಗಳೇ. √75 ಮಾತ್ರ 5√3 ಆಗುವುದರಿಂದ ಇವುಗಳೊಂದಿಗೆ ಸೇರಿ ಒಂದೇ ಪದವಾಗದು. ಮಕ್ಕಳು √72ನ್ನು 3√8 ಎಂದು ಬರೆದು ನಿಲ್ಲಿಸುವುದುಂಟು. ಅದು ತಪ್ಪಲ್ಲ, ಅಪೂರ್ಣ, ಏಕೆಂದರೆ ಒಳಗಿನ 8ರಲ್ಲಿ ಇನ್ನೂ ಒಂದು ಜೋಡಿಯಿದೆ. ಪೂರ್ತಿ ಬಿಡಿಸಿದರೆ 6√2.

ಅಕ್ಷರಗಳು ಬಂದಾಗ ಒಂದು ಎಚ್ಚರಿಕೆ ಅಗತ್ಯ. √x² ಎಂಬುದು ಯಾವಾಗಲೂ x ಆಗುವುದಿಲ್ಲ; x = −3 ಆದರೆ √9 = 3. ಆದ್ದರಿಂದ x ಋಣವಲ್ಲವೆಂದು ಲೆಕ್ಕದಲ್ಲಿ ಹೇಳಿರದಿದ್ದರೆ ಉತ್ತರವನ್ನು |x| (ಋಣ ಚಿಹ್ನೆ ಬಿಟ್ಟ x ಬೆಲೆ) ಎಂದೇ ಬರೆಯಬೇಕು.

ಪ್ರಶ್ನೆ: ಛೇದದಲ್ಲಿ ವರ್ಗಮೂಲ ಇರಬಾರದು ಎನ್ನುವುದೇಕೆ?
— ವಿದ್ಯಾರ್ಥಿನಿ, ತಿಪಟೂರು

ಉತ್ತರ: ಇದ್ದರೆ ಬೆಲೆ ತಪ್ಪಾಗುವುದಿಲ್ಲ ಮಗಳೇ, ಲೆಕ್ಕ ಕಷ್ಟವಾಗುತ್ತದೆ. 1ನ್ನು 1.4142ರಿಂದ ಕೈಯಲ್ಲಿ ಭಾಗಿಸಿ ನೋಡು. ಅನಂತರ 1/√2ನ್ನು √2/2 ಎಂದು ಬರೆದು 1.4142ನ್ನು 2ರಿಂದ ಭಾಗಿಸು. ಎರಡನೆಯದು 0.7071 ಎಂದು ಕೂಡಲೇ ಸಿಗುತ್ತದೆ. 1/(√3 − √2) ಇದ್ದಾಗ ಅಂಶ, ಛೇದ ಎರಡನ್ನೂ √3 + √2ರಿಂದ ಗುಣಿಸಬೇಕು; ಆಗ ಛೇದ 3 − 2 = 1 ಆಗಿ, √3 + √2 ಉತ್ತರವಾಗುತ್ತದೆ.