ತಾಳಮದ್ದಳೆ ಕೇಳಿಸುವ ಮಾವನಿಗೆ ಪಂಕ್ತಿಯ ಮಾತು ಯಾಕೆ ಕೇಳಿಸುವುದಿಲ್ಲ?

ಕಾಸರಗೋಡಿನ ಬದಿಯಡ್ಕದ ಹತ್ತಿರದಿಂದ ಸೊಸೆಯೊಬ್ಬರು ಬರೆದಿದ್ದಾರೆ. ಮಾವನಿಗೆ 76. ಮನೆಯಲ್ಲಿ ಸತ್ಯನಾರಾಯಣ ಪೂಜೆಯ ದಿನ ನೆಂಟರೊಬ್ಬರು ಅಡಕೆಯ ಸುದ್ದಿ ಎತ್ತಿ “ಕೊಯಿಲು ಆಯ್ತಾ?” ಎಂದು ಕೇಳಿದರೆ ಮಾವ “ಎರಡು ಸಲ ಆಯ್ತು, ಸಕ್ಕರೆ ಹಾಕದೆ” ಎಂದರಂತೆ. ಕಾಫಿ ಎಂದುಕೊಂಡಿದ್ದರು. ಜಗಲಿಯಿಡೀ ನಕ್ಕಿತು, ಮಾವನೂ ನಕ್ಕರು, ಆಮೇಲೆ ಊಟಕ್ಕೂ ನಿಲ್ಲದೆ ಹಟ್ಟಿ ಕಡೆ ಹೋಗಿ ಕೂತರು. ಅಂದಿನಿಂದ ಯಾರ ಮನೆಯ ಜಂಬ್ರಕ್ಕೂ, ಅಂದರೆ ಪೂಜೆ ಮದುವೆಯಂಥ ಸಮಾರಂಭಕ್ಕೂ, ಹೊರಡುವುದಿಲ್ಲ. ಬೆಂಗಳೂರಿನ ಅಳಿಯ ಆನ್‌ಲೈನಿನಲ್ಲಿ ತರಿಸಿಕೊಟ್ಟ ಕಿವಿಯ ಮೆಷಿನನ್ನು ಹಿಂದೊಮ್ಮೆ ಒಂದು ಮದುವೆಯಲ್ಲಿ ಹಾಕಿ, ಹತ್ತೇ ನಿಮಿಷದಲ್ಲಿ ತೆಗೆದು ಕಿಸೆಗೆ ಹಾಕಿಕೊಂಡಿದ್ದರು. “ನೋಯಿಸದೆ ಹೇಗೆ ಹೇಳುವುದು?” ಇದು ಸೊಸೆಯ ಪ್ರಶ್ನೆ. ಪತ್ರದ ಕೊನೆಗೆ, ತಮಾಷೆಯೆಂಬಂತೆ, ಇನ್ನೊಂದು ಸಾಲು: “ತಾಳಮದ್ದಳೆ ಮಾತ್ರ ಸರಿಯಾಗಿ ಕೇಳ್ತದೆ. ಬೇಕಾದ್ದು ಕೇಳ್ತದೆ ಅವರಿಗೆ ಅಂತ ಅತ್ತೆ ನಗಾಡ್ತಾರೆ.”

ಪತ್ರದಲ್ಲಿ ಮುಖ್ಯವಾದದ್ದು ಆ ಸಾಲೇ. ನಿಮ್ಮ ಮನೆಯಲ್ಲಿ ಅದು ನಗೆಯಾಗಿರುವವರೆಗೆ ಮಾವ ಹಟ್ಟಿಯಿಂದ ಎದ್ದು ಬರುವುದಿಲ್ಲ.

ತಾಳಮದ್ದಳೆಯೆಂದರೆ ವೇಷ ಕುಣಿತವಿಲ್ಲದೆ ಕೂತು ಮಾತಾಡುವ ಯಕ್ಷಗಾನ. ಅಲ್ಲಿ ಏನಾಗುತ್ತದೆ ನೋಡಿ. ಒಬ್ಬ ಅರ್ಥಧಾರಿ ಮಾತಾಡುವಾಗ ಎದುರಿನವರು ಕಾಯುತ್ತಾರೆ. ಮೈಕ್ ಇದೆ, ಮಾತಿನ ಹೊತ್ತಿಗೆ ಚೆಂಡೆ ಮದ್ದಳೆ ಸುಮ್ಮನಿರುತ್ತವೆ. ಮೊದಲಿನಿಂದ ಕೊನೆವರೆಗೆ ಒಂದೇ ಕನ್ನಡ. ಮುಖ ಕಾಣುತ್ತದೆ, ಪ್ರಸಂಗವೋ ಚಿಕ್ಕಂದಿನಿಂದ ಬಾಯಿಪಾಠ. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ಅರ್ಧ ಕೇಳಿದರೂ ಉಳಿದರ್ಧ ತಲೆಯೇ ತುಂಬಿಕೊಡುತ್ತದೆ.

ಪಂಕ್ತಿಯಲ್ಲಿ ಎಲ್ಲವೂ ತಿರುವುಮುರುವು. ಮಾತಾಡುವವರು ಪಕ್ಕದಲ್ಲಿ ಕೂತಿರುತ್ತಾರೆ, ಮುಖ ಕಾಣದು. ಬಡಿಸುವವರ “ಸಾರು, ಸಾರು”, ಕೊಪ್ಪರಿಗೆಯ ಸದ್ದು, ತಗಡಿನ ಚಪ್ಪರದ ಪ್ರತಿಧ್ವನಿ. ನಮ್ಮ ಕಡೆಯ ಇನ್ನೊಂದು ವಿಶೇಷವೂ ಉಂಟು: ಒಂದೇ ಸಾಲಿನಲ್ಲಿ ಹವ್ಯಕ ಕನ್ನಡ, ತುಳು, ಮಲಯಾಳ ಮೂರೂ ಬಂದುಹೋಗುತ್ತವೆ. ಭಾಷೆ ಬದಲಾದ ಕ್ಷಣ, ಕಿವಿ ಮಂದವಾದವರ ಊಹೆಯ ಎಳೆ ತುಂಡಾಗುತ್ತದೆ. ಅತ್ತೆ ಹೇಳುವುದು ತಪ್ಪು. ಮಾವನಿಗೆ ಬೇಕಾದದ್ದು ಕೇಳಿಸುತ್ತಿಲ್ಲ, ಕೇಳಿಸುವಂಥದ್ದು ಮಾತ್ರ ಕೇಳಿಸುತ್ತಿದೆ.

ವಯಸ್ಸಿನ ಕಿವುಡು ಮೊದಲು ತಿನ್ನುವುದು ಏರುಶ್ರುತಿಯ ತೀಕ್ಷ್ಣ ಸದ್ದುಗಳನ್ನು. ಆ, ಓ, ಊ ಗಟ್ಟಿಯಾಗಿ ಕೇಳಿಸುತ್ತವೆ. ಸ, ಶ, ಚ, ಕ, ತ, ಪ ಮಸುಕಾಗುತ್ತವೆ. ಕಾಯಿ, ತಾಯಿ, ಬಾಯಿ ಮೂರೂ “ಆಯಿ” ಆಗುತ್ತವೆ. ಮುಖ ಕಂಡರೆ “ಬಾಯಿ” ಎನ್ನುವಾಗ ತುಟಿ ಮುಚ್ಚುವುದು ತಿಳಿಯುತ್ತದೆ, ಮೂರರಲ್ಲಿ ಒಂದಾದರೂ ಬೇರ್ಪಡುತ್ತದೆ. ನೀವು ಬೊಬ್ಬೆ ಹಾಕಿದರೆ ಜೋರಾಗುವುದು ಆಗಲೇ ಕೇಳುತ್ತಿರುವ “ಆಯಿ”ಯೇ. ಅದೂ ಅಲ್ಲದೆ ಇಂಥ ಕಿವಿಗೆ ಸಣ್ಣ ಸದ್ದು ಕೇಳುವುದಿಲ್ಲ, ದೊಡ್ಡದು ತಡೆಯುವುದಿಲ್ಲ. “ಎಂತ?” ಎಂದು ಕೇಳಿ, ಜೋರಾಗಿ ಹೇಳಿದರೆ “ಯಾಕೆ ಕಿರುಚ್ತೀ” ಎಂದು ಸಿಡುಕುವುದು ಹಠದಿಂದಲ್ಲ.

ಅಳಿಯನ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಕಿವಿ ಪರೀಕ್ಷೆಯಿಲ್ಲದೆ ತರಿಸಿದ್ದು ಬರೀ ಸದ್ದು ಹೆಚ್ಚಿಸುವ ಡಬ್ಬಿ. ಸರಿಯಾದ ಶ್ರವಣ ಸಾಧನದಲ್ಲಿ ಯಾವ ಶ್ರುತಿಯ ಸದ್ದು ಎಷ್ಟು ಕಡಿಮೆ ಕೇಳಿಸುತ್ತದೋ ಅಷ್ಟನ್ನೇ ಏರಿಸುವಂತೆ ಕೂರಿಸುತ್ತಾರೆ. ಈ ಡಬ್ಬಿ ಕೊಪ್ಪರಿಗೆಯನ್ನೂ ವಾಲಗವನ್ನೂ ಮಾತನ್ನೂ ಒಟ್ಟಿಗೆ ಏರಿಸುತ್ತದೆ. ಅದನ್ನು ಮೊದಲ ಸಲ ಹಾಕಿದ್ದು ಮದುವೆ ಹಾಲಿನಲ್ಲಿ! ಮಾವ ಹತ್ತು ನಿಮಿಷ ತಡೆದುಕೊಂಡದ್ದೇ ದೊಡ್ಡದು. ಈಗ “ಮೆಷಿನ್” ಎಂದರೆ ಅವರಿಗೆ ಆ ಹತ್ತು ನಿಮಿಷ ನೆನಪಾಗುತ್ತದೆ. ಆದ್ದರಿಂದ ಮನೆಯಲ್ಲಿ ಸದ್ಯಕ್ಕೆ ಮೆಷಿನಿನ ಸುದ್ದಿಯೇ ಬೇಡ. ಪರೀಕ್ಷೆ ಮೊದಲು, ಸಾಧನ ಆಮೇಲೆ. ಈ ಅಂಕಣ ಓದುವವರಿಗೆ ನನ್ನ ಈ ಪಲ್ಲವಿ ಹೊಸತಲ್ಲ.

ನಾನು ಹೇಳುವ ಕೆಲಸ ಒಂದೇ, ಅದೂ ನಿಮಗಲ್ಲ, ನಿಮ್ಮ ಯಜಮಾನರಿಗೆ. ಪತ್ರದುದ್ದಕ್ಕೂ ಅವರು ಎಲ್ಲಿದ್ದಾರೆಂದು ಹುಡುಕಿದೆ. “ನೀನೇ ಹೇಳು, ನಿನ್ನ ಮಾತಾದರೆ ಕೇಳ್ತಾರೆ” ಎಂದು ಜಾರಿಕೊಂಡ ಒಂದು ಕಡೆ ಸಿಕ್ಕಿದರು. ಮಗನೇ ಹೇಳಲಿ. ಬೆಳಗ್ಗೆ ಕಾಫಿಯಾದ ಮೇಲೆ, ಟಿವಿ ಮಿಕ್ಸಿ ಎರಡೂ ನಿಂತಿರುವಾಗ, ಜಗಲಿಯಲ್ಲಿ ಇಬ್ಬರೇ. ಬೆಳಕು ಮಗನ ಮುಖಕ್ಕೆ ಬೀಳುವ ಹಾಗೆ, ಎರಡು ಮೂರು ಅಡಿ ದೂರದಲ್ಲಿ ಎದುರು ಕೂತು: “ಅಪ್ಪ, ಪೂಜೆಯ ದಿನ ನೀವು ಊಟಕ್ಕೆ ನಿಲ್ಲಲಿಲ್ಲ, ನನಗೆ ಬೇಜಾರಾಯ್ತು. ಶನಿವಾರ ಕಿವಿ ತೋರಿಸಿ ಬರುವ. ನಾನೂ ಪರೀಕ್ಷೆ ಮಾಡಿಸ್ತೇನೆ.” ಇಷ್ಟೇ. ಯಜಮಾನರು ಹೇಗೂ ಐವತ್ತು ದಾಟಿದವರು, ಅವರಿಗೂ ನಷ್ಟವಿಲ್ಲ. ಕಿವಿ ಮಂದವಾದರೆ ಮರೆವಿನ ಕಾಯಿಲೆಯ ಅಪಾಯ ಹೆಚ್ಚೆಂದು ಲ್ಯಾನ್ಸೆಟ್ ಆಯೋಗ 2020ರಲ್ಲೂ 2024ರಲ್ಲೂ ಹೇಳಿದ್ದು ನಿಜ. ಅದನ್ನು ವಾಟ್ಸಾಪಿನಿಂದ ಓದಿ ಹೇಳಿ ಮಾವನನ್ನು ಹೆದರಿಸಬೇಡಿ.

ಶನಿವಾರ ಮೊದಲು ಕಿವಿ ಮೂಗು ಗಂಟಲಿನ ಡಾಕ್ಟರು. ಗುಗ್ಗೆ ಗಟ್ಟಿಯಾಗಿ ಕೂತಿದ್ದರೆ ಅಲ್ಲೇ ತೆಗೆಯುತ್ತಾರೆ. ಮನೆಯಲ್ಲಿ ಎಣ್ಣೆ ಬಿಟ್ಟು ಕಡ್ಡಿ ಹಾಕುವುದು ಬೇಡ. (ಒಂದೇ ಕಿವಿ ಒಂದೆರಡು ದಿನದಲ್ಲಿ ಹಠಾತ್ತಾಗಿ ಹೋದರೆ ಶನಿವಾರದ ತನಕ ಕಾಯುವಂತಿಲ್ಲ, ಅದೇ ದಿನ ಓಡಿ.) ಆಮೇಲೆ ಕೇಳುವ ಶಕ್ತಿ ಅಳೆಯುವ ಆಡಿಯಾಲಜಿಸ್ಟ್, ಸದ್ದು ನುಗ್ಗದ ಕೋಣೆಯಲ್ಲಿ ಎರಡೂ ಕಿವಿಯ ಪರೀಕ್ಷೆ. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಿ: ಪದ ಗುರುತಿಸುವ ಪರೀಕ್ಷೆ ಕನ್ನಡದಲ್ಲೇ ಆಗಲಿ. ಕಾಸರಗೋಡಿನಲ್ಲಿ ಮಲಯಾಳ ಪದಪಟ್ಟಿಯಲ್ಲೇ ಮುಗಿಸುವ ಸಂಭವ ಉಂಟು. ಮನೆಮಾತಲ್ಲದ ಪದ ತಪ್ಪಿದರೆ ತಪ್ಪಿದ್ದು ಕಿವಿಯೋ ಭಾಷೆಯೋ ಗೊತ್ತಾಗುವುದಿಲ್ಲ. 1965ರಲ್ಲಿ ಶುರುವಾದ ಮೈಸೂರಿನ ವಾಕ್ ಶ್ರವಣ ಸಂಸ್ಥೆಯವರು ಕನ್ನಡ ಪದಪಟ್ಟಿಗಳನ್ನು ಮಾಡಿಟ್ಟಿದ್ದಾರೆ. ಇಲ್ಲಿ ಆಗದಿದ್ದರೆ ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋಗಿ.

ಸಾಧನ ಬೇಕೆಂದಾದರೆ, ಎರಡೂ ಕಿವಿ ಮಂದವಾಗಿದ್ದಲ್ಲಿ ಎರಡಕ್ಕೂ ತೆಗೆದುಕೊಳ್ಳಿ. ಸದ್ದು ಯಾವ ಕಡೆಯದೆಂದು ತಿಳಿಯಲು ಎರಡೂ ಬೇಕು. ಮೊದಲ ವಾರ ಮನೆಯೊಳಗೆ ದಿನಕ್ಕೆ ಒಂದೆರಡು ಗಂಟೆ, ಒಬ್ಬರ ಜೊತೆ ಮಾತು. ಆಮೇಲೆ ಟಿವಿ, ಆಮೇಲೆ ಮೂರು ನಾಲ್ಕು ಜನ. ಮರೆತುಹೋದ ಸದ್ದುಗಳಿಗೆ ಮಿದುಳು ಒಗ್ಗಲು ವಾರಗಳು ಬೇಕು, ನಡುವೆ ಎರಡು ಮೂರು ಸಲ ಹೋಗಿ ತಿದ್ದಿಸಿಕೊಳ್ಳಬೇಕು. ಜಂಬ್ರ ಎಲ್ಲಕ್ಕೂ ಕೊನೆಗೆ. ಸಾಧನ ಸಿಳ್ಳೆ ಹೊಡೆದರೆ ಹೆಚ್ಚಿನ ಸಲ ಕಿವಿಯೊಳಗೆ ಕೂರಿಸುವ ಅಚ್ಚು ಸರಿಯಾಗಿ ಕೂತಿರುವುದಿಲ್ಲ, ಇಲ್ಲವೇ ಗುಗ್ಗೆ ಅಡ್ಡ ಬಂದಿರುತ್ತದೆ. ಹೊಸ ಬ್ಯಾಟರಿಯ ಮೇಲಿನ ಅಂಟುಚೀಟಿ ಕಿತ್ತ ಮೇಲೆ ಒಂದೆರಡು ನಿಮಿಷ ಗಾಳಿಗಿಟ್ಟು ಹಾಕಿ. ನಮ್ಮ ಮಳೆಗಾಲದಲ್ಲಿ ರಾತ್ರಿ ಬ್ಯಾಟರಿಯ ಬಾಗಿಲು ತೆರೆದು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡದಿದ್ದರೆ ಆಟಿ ತಿಂಗಳು ಮುಗಿಯುವುದರೊಳಗೆ ರಿಪೇರಿ ಗ್ಯಾರಂಟಿ.

ಅಲ್ಲಿಯವರೆಗೆ ನೆಂಟರಿಗೆ ಪಾಠ. ಮಾವನನ್ನು ಅಡಿಗೆ ಕೊಟ್ಟಿಗೆ, ಜನರೇಟರು, ಸ್ಪೀಕರುಗಳಿಂದ ದೂರ, ಗೋಡೆಗೆ ಬೆನ್ನು ಕೊಟ್ಟು ಕೂರಿಸಿ. ಪಂಕ್ತಿಯಲ್ಲಿ ಮಾತಾಡಿಸಲೇ ಬೇಡಿ. ಊಟವಾದ ಮೇಲೆ ಒಬ್ಬೊಬ್ಬರೇ ಎದುರು ಬಂದು ಕೂರಲಿ. ಮೊದಲು ವಿಷಯ ಹೇಳಬೇಕು: “ಅಡಕೆ ವಿಷಯ ಮಾವ, ಕೊಯಿಲು ಆಯ್ತಾ?” ತಿಳಿಯದಿದ್ದರೆ ಅದನ್ನೇ ಮತ್ತೆ ಹೇಳದೆ, ಮಾತು ಬದಲಿಸಿ “ಅಡಕೆ ಕೊಯ್ದು ಮುಗೀತಾ?” ಎನ್ನಬೇಕು. “ಎಂತ ಇಲ್ಲ, ಬಿಡಿ” ಎಂದು ಕೈಬೀಸಿದವರಿಗೆ ಪಾಯಸ ಕೊಡಬೇಡಿ. ಬಾಯಿ ತುಂಬ ಎಲೆಯಡಿಕೆ ತುಂಬಿಕೊಂಡು, ಗದ್ದ ಮೇಲೆತ್ತಿ ಮಾತಾಡುವ ಭಾವಂದಿರ ಮಾತು ಯಾವ ಕಿವಿಗೂ ತಿಳಿಯುವುದಿಲ್ಲ, ಅವರು ಮೊದಲು ಉಗುಳಿ ಬರಲಿ.

ಅತ್ತೆಗೆ ಈ ಉತ್ತರ ಓದಿ ಹೇಳಿ. ಮಾಣಿಯ ಉಪನಯನ ಮೇ ತಿಂಗಳಲ್ಲಿ ಎಂದಿದ್ದೀರಿ. ಪರೀಕ್ಷೆ, ಸಾಧನ, ತಿದ್ದುಪಡಿ, ಒಗ್ಗುವುದು ಎಲ್ಲ ಸೇರಿ ಎರಡು ಮೂರು ತಿಂಗಳಾದರೂ ಹಿಡಿಯುತ್ತದೆ. ಯಜಮಾನರು ಜಗಲಿಯಲ್ಲಿ ಕೂರಬೇಕಾದದ್ದು ಈ ವಾರವೇ.