ಇನ್ನೂ ಆಗಿಲ್ವಾ?

ಓದುಗರೊಬ್ಬರ ಪತ್ರ: "ಇದು ನನ್ನ ಮೊದಲ ಬಸಿರು. 39 ವಾರ ತುಂಬಿ ಎರಡು ದಿನವಾಯಿತು. ರಜೆ ಹಾಕಿ ಮನೆಯಲ್ಲಿದ್ದೇನೆ. ಆಸ್ಪತ್ರೆಗೆ ಒಯ್ಯುವ ಬ್ಯಾಗನ್ನು ಮೂರು ಸಲ ಬಿಚ್ಚಿ ಮತ್ತೆ ಜೋಡಿಸಿದ್ದೇನೆ. ದಿನಕ್ಕೆ ಹತ್ತು ಫೋನ್ ಬರುತ್ತವೆ. ಎಲ್ಲರದ್ದೂ ಒಂದೇ ಪ್ರಶ್ನೆ, 'ಇನ್ನೂ ಆಗಿಲ್ವಾ?' ಸುಮ್ನೆ ಕೂರಬೇಡ, ಓಡಾಡು ಅಂತ ಅತ್ತೆ ಹೇಳುತ್ತಾರೆ. ನನಗೆ ಕುರ್ಚಿಯಿಂದ ಏಳುವುದೇ ಒಂದು ಕೆಲಸವಾಗಿದೆ. ಏನೂ ಮಾಡದೆ ದಿನ ಕಳೆಯುತ್ತಿದ್ದೇನಲ್ಲ ಅಂತ ಮನಸ್ಸಿಗೆ ಚುಚ್ಚುತ್ತದೆ. ಇದು ಪತ್ರ ಬರೆಯುವಷ್ಟು ದೊಡ್ಡ ವಿಷಯವಲ್ಲ, ಗೊತ್ತು. ಕ್ಷಮಿಸಿ."

ಸಂಪಾದಕರ ಉತ್ತರ:

ಮೊದಲು ಆ ಕೊನೆಯ ಎರಡು ಮಾತಿಗೆ ನಿಮ್ಮನ್ನು ಗದರುತ್ತೇನೆ. ದೊಡ್ಡ ವಿಷಯವಲ್ಲ ಅಂತ ನಿಮಗೆ ಹೇಳಿದವರು ಯಾರು? ಈ ತಿಂಗಳು ಬಂದ ಪತ್ರಗಳಲ್ಲಿ ನಾನು ಎರಡು ಸಲ ಓದಿದ್ದು ನಿಮ್ಮದೊಂದನ್ನೇ. ಕ್ಷಮೆ ಕೇಳುವಂಥದ್ದು ಅದರಲ್ಲಿ ಏನೂ ಇಲ್ಲ.

ನಿಮ್ಮ ಅತ್ತೆಯ ಮಾತಿನಲ್ಲೂ ಸತ್ಯವಿದೆ. ಡಾಕ್ಟರ್ ಬೇಡ ಅನ್ನದಿದ್ದರೆ ಸ್ವಲ್ಪ ನಡೆದಾಡುವುದು ಒಳ್ಳೆಯದೇ. ಇಡೀ ದಿನ ಮಲಗಿರಬೇಕಾಗಿಲ್ಲ. ಫೋನ್ ಮಾಡುವವರೂ ಪ್ರೀತಿಯಿಂದಲೇ ಮಾಡುತ್ತಾರೆ, ಒಪ್ಪುತ್ತೇನೆ.

ಆದರೆ "ಏನೂ ಮಾಡದೆ" ಅಂತ ಬರೆದಿದ್ದೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಬಸಿರಿಗೆ ಮೊದಲು ನಿಮ್ಮ ಗರ್ಭಕೋಶದ ತೂಕ ಸುಮಾರು 70 ಗ್ರಾಂ ಇತ್ತು. ಈಗ ಮಗು, ನೀರು ಎಲ್ಲ ಬಿಟ್ಟು ಅದೊಂದೇ ಹೆಚ್ಚುಕಡಿಮೆ ಒಂದು ಕಿಲೋ ಇರುತ್ತದೆ. ಮೈಯಲ್ಲಿ ಓಡುವ ರಕ್ತ ಮೊದಲಿಗಿಂತ ಅರ್ಧದಷ್ಟು ಜಾಸ್ತಿಯಾಗಿದೆ. ಅಷ್ಟನ್ನೂ ನಿಮ್ಮ ಹೃದಯ ಹಗಲೂ ರಾತ್ರಿ ತಳ್ಳುತ್ತಿದೆ. 35ನೇ ವಾರದಲ್ಲಿ ಮಗುವಿನ ಮಿದುಳಿನ ತೂಕ, ದಿನ ತುಂಬಿದಾಗ ಇರಬೇಕಾದ್ದರ ಮೂರರಲ್ಲಿ ಎರಡು ಪಾಲು ಮಾತ್ರ. ಉಳಿದ ಒಂದು ಪಾಲು ಬೆಳೆಯುವುದು ಈ ಕೊನೆಯ ವಾರಗಳಲ್ಲೇ, ನೀವು ಸುಮ್ನೆ ಕಳೆಯುತ್ತಿದ್ದೇನೆ ಅಂದುಕೊಂಡಿರುವ ದಿನಗಳೂ ಅದರಲ್ಲಿ ಸೇರಿವೆ. ಕುರ್ಚಿಯಿಂದ ಏಳಲು ಕಷ್ಟವಾಗುವುದು ಸೋಮಾರಿತನದಿಂದಲ್ಲ, ತಿಳೀತಲ್ಲ?

ಇನ್ನು ಹೆರಿಗೆಗೆ ಅಂತ ಡಾಕ್ಟರ್ ಹೇಳುವ ಆ ತಾರೀಕಿನ ವಿಷಯ. ಅದರ ಮೇಲೆ ನನಗೆ ಹಳೆಯ ಸಿಟ್ಟಿದೆ.

ಕೊನೆಯ ಮುಟ್ಟಿನ ಮೊದಲ ದಿನಕ್ಕೆ 280 ದಿನ ಕೂಡಿಸಿ ತಾರೀಕು ಹೇಳುವ ಪದ್ಧತಿಗೆ ಫ್ರಾಂಜ್ ನೇಗೆಲೆ ಅನ್ನುವ ಜರ್ಮನ್ ವೈದ್ಯರ ಹೆಸರಿದೆ. ಅವರು ತೀರಿಕೊಂಡಿದ್ದು 1851ರಲ್ಲಿ. ಪ್ರತಿ ಹೆಂಗಸಿಗೂ 28 ದಿನಕ್ಕೆ ಸರಿಯಾಗಿ ಮುಟ್ಟಾಗುತ್ತದೆ ಅಂತ ಇಟ್ಟುಕೊಂಡು ಮಾಡಿದ ಲೆಕ್ಕ ಅದು. ಈಗ ಮೊದಲ ಮೂರು ತಿಂಗಳಲ್ಲಿ ಮಾಡುವ ಸ್ಕ್ಯಾನ್‌ನಿಂದ ಅದನ್ನು ತಿದ್ದುತ್ತಾರೆ. ಹಾಗಿದ್ದರೂ ಹೇಳಿದ ದಿನವೇ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೋ ಐದೋ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 125 ಬಸುರಿಯರಿಗೆ ಅಂಡ ಬಿಡುಗಡೆಯಾದ ದಿನವನ್ನೇ ಪತ್ತೆ ಮಾಡಿ, ಅಲ್ಲಿಂದ ಎಣಿಸಿದರು. ಅವಧಿಗೆ ಮೊದಲೇ ಹುಟ್ಟಿದ ಮಕ್ಕಳನ್ನು ಲೆಕ್ಕದಿಂದ ತೆಗೆದರೂ, ಒಬ್ಬರ ಬಸಿರಿಗೂ ಇನ್ನೊಬ್ಬರ ಬಸಿರಿಗೂ 37 ದಿನಗಳಷ್ಟು ವ್ಯತ್ಯಾಸ ಸಿಕ್ಕಿತು. ಐದು ವಾರ! ಮೊದಲ ಮಗುವಂತೂ ತಾರೀಕು ದಾಟಿ ಬರುವುದು ತೀರಾ ಮಾಮೂಲು.

ತಾರೀಕೇ ಬೇಡ ಅಂತ ನಾನು ಹೇಳುತ್ತಿಲ್ಲ. 41 ವಾರ ದಾಟಿದ ಮೇಲೆ ಮಗುವನ್ನು ಹತ್ತಿರದಿಂದ ನೋಡಿಕೊಳ್ಳಲು, ನೋವು ಬರಿಸಬೇಕಾ ಅಂತ ತೀರ್ಮಾನಿಸಲು ಡಾಕ್ಟರಿಗೆ ಅದು ಬೇಕೇ ಬೇಕು. ಅದು ಅವರ ಕೈಯಲ್ಲಿರಲಿ. ಊರಿಗೆಲ್ಲ ಯಾಕೆ ಹಂಚಬೇಕು? ಹಂಚಿದ ಮರುದಿನದಿಂದ ಅದು ಸಾಲದ ಗಡುವಿನ ಹಾಗೆ ಆಗಿಬಿಡುತ್ತದೆ. ದಾಟಿದರೆ ತಪ್ಪು ನಿಮ್ಮದು ಅನ್ನುವ ಹಾಗೆ ಮಾತಾಡುತ್ತಾರೆ.

ನನಗೂ ಹಾಗೇ ಆಗಿತ್ತು. ತಾರೀಕು ದಾಟಿ ಐದನೇ ದಿನ. ಫೋನನ್ನು ಬೀರುವಿನೊಳಗೆ, ಸೀರೆಗಳ ಕೆಳಗೆ ಇಟ್ಟಿದ್ದೆ. ಆದರೂ ಅದರ ಗುಂಯ್ ಅನ್ನುವ ಸದ್ದು ಕೇಳುತ್ತಿತ್ತು. ರಾತ್ರಿ ಮಗ್ಗುಲು ಬದಲಿಸಲು ಮೊದಲು ಮಂಡಿ ಮಡಚಬೇಕು, ಆಮೇಲೆ ಮಂಡಿಗಳ ನಡುವಿನ ದಿಂಬು ಎಳೆಯಬೇಕು, ಆಮೇಲೆ ಹೊಟ್ಟೆಯನ್ನು ಕೈಯಲ್ಲಿ ಹಿಡಿದು ತಿರುಗಬೇಕು. ಅಷ್ಟರಲ್ಲಿ ಮತ್ತೆ ಮೂತ್ರಕ್ಕೆ ಅವಸರ. ವಾಪಸ್ ಬಂದು ಮಲಗಿದರೆ ಮಗುವಿಗೆ ಬಿಕ್ಕಳಿಕೆ. ಗಡಿಯಾರದ ಮುಳ್ಳಿನ ಹಾಗೆ ಟಕ್ ಟಕ್ ಅಂತ ಒಂದೇ ಜಾಗದಲ್ಲಿ ಹೊಟ್ಟೆ ಮಿಡಿಯುತ್ತಿತ್ತು. ಕತ್ತಲಲ್ಲಿ ಅಂಗೈ ಇಟ್ಟುಕೊಂಡು ಎಣಿಸುತ್ತಿದ್ದೆ.

ಆ ದಿನ ಅಕ್ಕ ಬಂದಳು. ಬಾಗಿಲು ತೆಗೆದಾಗ ಅವಳೂ ಕೇಳುತ್ತಾಳೆ ಅಂದುಕೊಂಡಿದ್ದೆ. ಕೇಳಲಿಲ್ಲ. ನನ್ನನ್ನು ಕೂರಿಸಿ, ತಾನು ನೆಲದ ಮೇಲೆ ಕೂತು, ನನ್ನ ಕಾಲನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡಳು. ಒಂದೊಂದೇ ಬೆರಳಿನ ಉಗುರು ಕತ್ತರಿಸಿದಳು. ಆರು ವಾರದಿಂದ ನನ್ನ ಕೈಗೆ ನನ್ನ ಕಾಲು ಸಿಕ್ಕಿರಲಿಲ್ಲ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಕಿರುಬೆರಳಿಗೆ ಬರುವ ಹೊತ್ತಿಗೆ ನಾನು ಅಳುತ್ತಿದ್ದೆ. ಅವಳು ತಲೆ ಎತ್ತದೆ, "ನಿದ್ದೆ ಬರುತ್ತಾ ಸ್ವಲ್ಪನಾದ್ರೂ?" ಅಂತ ಕೇಳಿದಳು. ಆ ತಿಂಗಳಲ್ಲಿ ನನ್ನ ಬಗ್ಗೆ ಯಾರಾದರೂ ಕೇಳಿದ ಮೊದಲ ಪ್ರಶ್ನೆ ಅದು.

ಇನ್ನೊಂದು ಮಾತಿದೆ, ನನ್ನನ್ನು ಇವತ್ತಿಗೂ ಕೆರಳಿಸುವ ಮಾತು. "ಸುಳ್ಳು ನೋವು." ಹೊಟ್ಟೆ ಕಲ್ಲಿನ ಹಾಗೆ ಬಿಗಿಯುತ್ತದೆ, ಸಡಿಲಾಗುತ್ತದೆ, ಮತ್ತೆ ಬಿಗಿಯುತ್ತದೆ. ಜಾನ್ ಬ್ರಾಕ್ಸ್‌ಟನ್ ಹಿಕ್ಸ್ ಅನ್ನುವ ಇಂಗ್ಲಿಷ್ ವೈದ್ಯರು 1872ರಲ್ಲಿ ಇದರ ಬಗ್ಗೆ ಬರೆದರು, ಅವರದೇ ಹೆಸರು ಅದಕ್ಕೆ ಉಳಿದುಕೊಂಡಿತು. ನಡೆದಾಡಿದರೆ, ಮಗ್ಗುಲು ಬದಲಿಸಿದರೆ ಅದು ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಹೆರಿಗೆಯ ನೋವು ಏನು ಮಾಡಿದರೂ ನಿಲ್ಲುವುದಿಲ್ಲ, ಹತ್ತಿರ ಹತ್ತಿರವಾಗಿ ಬರುತ್ತಾ, ಜೋರಾಗುತ್ತಾ ಹೋಗುತ್ತದೆ. ನಾನು ಒಂದು ರಾತ್ರಿ ಈ ವ್ಯತ್ಯಾಸ ತಿಳಿಯದೆ ಆಸ್ಪತ್ರೆಗೆ ಹೋದೆ. ಅಲ್ಲಿದ್ದವರು ನೋಡಿ, "ಸುಳ್ಳು ನೋವು, ಮನೆಗೆ ಹೋಗಿ" ಅಂದರು. ಸುಳ್ಳು ಹೇಳಿ ಸಿಕ್ಕಿಬಿದ್ದವಳ ಹಾಗೆ ತಲೆ ತಗ್ಗಿಸಿ ಬಂದೆ. ಬಿಗಿದದ್ದು ನನ್ನ ಹೊಟ್ಟೆ, ಅನುಭವಿಸಿದ್ದು ನಾನು. ಅದು ಸುಳ್ಳು ಹೇಗಾಗುತ್ತದೆ? ತಯಾರಿ ನೋವು ಅನ್ನಬಹುದಿತ್ತು. ನಮ್ಮ ಪತ್ರಿಕೆಯಲ್ಲಿ ಇನ್ನು ಮುಂದೆ ಹಾಗೇ ಬರೆಯುತ್ತೇವೆ.

ಇದು ಬರೀ ಪದದ ಜಗಳವಲ್ಲ. ಒಂದು ಸಲ ನಾಚಿಕೆಪಟ್ಟವಳು ಎರಡನೇ ಸಲ ಫೋನ್ ಮಾಡಲು ಹಿಂಜರಿಯುತ್ತಾಳೆ. ನನ್ನ ಭಯ ಅದೇ. ಮಗುವಿನ ಮಿಸುಕಾಟ ಕಡಿಮೆಯಾಯಿತು ಅಂದರೆ, "ಕೊನೆಯಲ್ಲಿ ಹಾಗೇ, ಒಳಗೆ ಜಾಗ ಇರಲ್ಲ" ಅನ್ನುವವರು ಬೇಕಾದಷ್ಟು ಜನ ಇದ್ದಾರೆ. ಅದು ತಪ್ಪು ಮಾತು. ಮಿಸುಕುವ ರೀತಿ ಸ್ವಲ್ಪ ಬೇರೆ ಅನ್ನಿಸಬಹುದು, ಆದರೆ ಮಿಸುಕಾಟ ಕೊನೆಯವರೆಗೂ ಇರಬೇಕು. ಕಡಿಮೆ ಅನ್ನಿಸಿದರೆ ಬೆಳಗಾಗುವವರೆಗೆ ಕಾಯಬೇಡಿ. ರಕ್ತ ಕಂಡರೆ, ನೀರು ಹೋದರೆ, ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ, ಮುಖ ಕೈ ದಿಢೀರನೆ ಊದಿದರೆ ಆಗಲೂ ಅಷ್ಟೇ. ಹತ್ತು ಸಲ ವಾಪಸ್ ಕಳಿಸಿದರೂ ಹನ್ನೊಂದನೇ ಸಲ ಹೋಗಿ. ಮೊದಲ ಬಸಿರಿನಲ್ಲಿ ಯಾವುದು ಮಾಮೂಲು, ಯಾವುದು ಅಲ್ಲ ಅಂತ ಯಾರಿಗೆ ತಾನೇ ಗೊತ್ತಿರುತ್ತದೆ?

ನಮಗೆ ಕಾಯುವುದು ಮರೆತುಹೋಗಿದೆ. ಹೊರಟ ಗಾಡಿ ಎಲ್ಲಿದೆ ಅಂತ ಫೋನಿನಲ್ಲಿ ನೋಡುತ್ತೇವೆ, ಐದು ನಿಮಿಷ ತಡವಾದರೆ ಜಗಳಕ್ಕೆ ನಿಲ್ಲುತ್ತೇವೆ. ಅದೇ ಅವಸರವನ್ನು ಒಬ್ಬ ಹೆಣ್ಣುಮಗಳ ಹೊಟ್ಟೆಯ ಮೇಲೂ ಹೇರುತ್ತೇವೆ. ಬಸುರಿಯ ಬಗ್ಗೆ ಪತ್ರಿಕೆಗಳು ಬರೆದದ್ದನ್ನು ನೋಡಿ, ನಮ್ಮದನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಇದು ಮಾಡಿ, ಅದು ಮಾಡಬೇಡಿ, ಅಷ್ಟೇ. ಮಧ್ಯಾಹ್ನ ಮೂರು ಗಂಟೆಗೆ ಒಬ್ಬಳೇ ಕೂತು ಗೋಡೆ ನೋಡುವವಳಿಗೆ ಅದರಲ್ಲಿ ಒಂದು ಸಾಲಾದರೂ ಇದೆಯಾ?

ಬ್ಯಾಗನ್ನು ನಾಲ್ಕನೇ ಸಲ ಬಿಚ್ಚಬೇಡಿ, ಸರಿಯಾಗಿಯೇ ಜೋಡಿಸಿರುತ್ತೀರಿ. ಫೋನನ್ನು ನಿಮ್ಮ ಯಜಮಾನರ ಕೈಗೆ ಕೊಡಿ, "ಆದಾಗ ನಾವೇ ತಿಳಿಸ್ತೀವಿ" ಅಂತ ಅವರೇ ಎಲ್ಲರಿಗೂ ಹೇಳಲಿ. ಈ ಪುಟವನ್ನೂ ಅವರಿಗೆ ಓದಲು ಕೊಡಿ. ಉಗುರು ಕತ್ತರಿಸುವ ವಿಷಯ ಬರುವ ಜಾಗದಲ್ಲಿ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದಿಡಿ.