ಟಿ.ಸಿ. ಕೆಡವಿದ ಟ್ರ್ಯಾಕ್ಟರು, ಬಿಲ್ಲು ಯಾರ ತಲೆಗೆ?

(ಓದುಗರ ಪ್ರಶ್ನೆಗಳಿಗೆ ಮಂಡ್ಯದ ನಿವೃತ್ತ ವಾಹನ ವಿಮಾ ಸರ್ವೇಯರ್ ಉತ್ತರ)

ಪ್ರಶ್ನೆ: ಸಾರ್, ನಂದು ಮದ್ದೂರು ತಾಲ್ಲೂಕು. ನನ್ನ ಟ್ರ್ಯಾಕ್ಟರ್ ಕಬ್ಬು ತುಂಬಿಕೊಂಡು ಕಾರ್ಖಾನೆಗೆ ಹೊರಟಿದ್ದಾಗ ನಾಲೆ ಏರಿ ತಿರುವಿನಲ್ಲಿ ಟ್ರೈಲರ್ ವಾಲಿ ಟಿ.ಸಿ. (ಕರೆಂಟ್ ಟ್ರಾನ್ಸ್‌ಫಾರ್ಮರ್) ಕಂಬಕ್ಕೆ ಬಡಿಯಿತು. ಎರಡು ಕಂಬವೂ ಮುರಿದು ಟಿ.ಸಿ. ಗದ್ದೆಗೆ ಬಿತ್ತು, ಆಯಿಲ್ ಪೂರ್ತಿ ಸೋರಿತು. ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ. ಓಡಿಸುತ್ತಿದ್ದವನು ಕೂಲಿ ಡ್ರೈವರ್. ಈಗ ಕರೆಂಟ್ ಆಫೀಸಿನವರು ‘ದುಡ್ಡು ಕಟ್ಟಿ, ಆಮೇಲೆ ಟಿ.ಸಿ. ಕೂರಿಸ್ತೀವಿ’ ಅಂತಾರೆ. ಇದ್ದದ್ದು 63 ಕೆವಿಎ ಸಾಮರ್ಥ್ಯದ್ದು, ಎಸ್ಟಿಮೇಟ್‌ನಲ್ಲಿ ಬರೆದಿರುವುದು 100. ಪಂಪ್‌ಸೆಟ್ ನಿಂತು ಊರಿನವರೆಲ್ಲ ನನ್ನ ಮೇಲೆ ತಿರುಗಿಬಿದ್ದಿದ್ದಾರೆ. ಅಮೆರಿಕದಲ್ಲಿ ಹಡಗು ಗುದ್ದಿ ಸೇತುವೆ ಬಿದ್ದಾಗ ಸರ್ಕಾರವೇ ಕಟ್ಟಿಸ್ತೀನಿ ಅಂದಿತಂತೆ. ನನಗೊಬ್ಬನಿಗೆ ಯಾಕೆ ಈ ಶಿಕ್ಷೆ?
– ಹೆಸರು ಬೇಡ, ಮಂಡ್ಯ ಜಿಲ್ಲೆ

ಉತ್ತರ: ಹೊಣೆ ನಿಮ್ಮದೇ. ಡ್ರೈವರ್ ಕೂಲಿಯವನೋ ಮನೆಯವನೋ, ಕೆಲಸದ ಮೇಲಿದ್ದಾಗ ಅವನ ಅಜಾಗರೂಕತೆಗೆ ಮಾಲೀಕ ಉತ್ತರ ಕೊಡಬೇಕು. ಟಿ.ಸಿ.ಯ ಬೆಲೆ ಒಂದು ಕಡೆಗಿರಲಿ, 2003ರ ವಿದ್ಯುತ್ ಕಾಯ್ದೆಯ 139ನೇ ಕಲಮಿನಲ್ಲಿ ಅಜಾಗರೂಕತೆಯಿಂದ ವಿದ್ಯುತ್ ಸಾಮಗ್ರಿ ಮುರಿದವರಿಗೆ 10,000 ರೂಪಾಯಿವರೆಗೆ ದಂಡವೂ ಇದೆ.

ಆದರೆ ಇವತ್ತೇ ಓಡಿಹೋಗಿ ದುಡ್ಡು ಕಟ್ಟಬೇಡಿ. ಮೊದಲು ಪಾಲಿಸಿ ಹೊರಗೆ ತೆಗೆಯಿರಿ. ಥರ್ಡ್ ಪಾರ್ಟಿ ವಿಮೆ ಅಂದರೆ ಸತ್ತವರಿಗೆ, ಗಾಯಗೊಂಡವರಿಗೆ ಮಾತ್ರ ಅಂತ ನಮ್ಮ ಕಡೆ ಬಹಳ ಜನ ತಿಳಿದಿದ್ದಾರೆ. ಬೇರೆಯವರ ಆಸ್ತಿಗೆ ಆದ ನಷ್ಟವೂ ಅದರಲ್ಲಿದೆ, ಸರ್ಕಾರದ ಆಸ್ತಿಯೂ ನಿಮ್ಮ ಪಾಲಿಗೆ ಬೇರೆಯವರದೇ. ದ್ವಿಚಕ್ರ ಬಿಟ್ಟು ಉಳಿದ ವಾಹನಗಳಿಗೆ ಈ ಮಿತಿ ಸಾಮಾನ್ಯವಾಗಿ 7.5 ಲಕ್ಷ ರೂಪಾಯಿ. ಪ್ರೀಮಿಯಂನಲ್ಲಿ ನಾಲ್ಕು ಕಾಸು ಉಳಿಸಲು ಅದನ್ನು 6,000ಕ್ಕೆ ಇಳಿಸಿಕೊಂಡವರೂ ಇದ್ದಾರೆ. ‘ಟಿಪಿಪಿಡಿ’ (ಥರ್ಡ್ ಪಾರ್ಟಿ ಆಸ್ತಿ ನಷ್ಟ) ಅನ್ನುವ ಸಾಲು ನೋಡಿ, ಗೊತ್ತಾಗುತ್ತದೆ.

ಇನ್ನೊಂದು ಷರತ್ತು ಸಣ್ಣಕ್ಷರದಲ್ಲಿರುತ್ತದೆ, ಯಾರೂ ಓದುವುದಿಲ್ಲ. ವಿಮಾ ಕಂಪನಿ ಲಿಖಿತ ಒಪ್ಪಿಗೆ ಕೊಡದೆ ನೀವು ತಪ್ಪೊಪ್ಪಿಕೊಂಡು ಬರೆದುಕೊಡುವಂತಿಲ್ಲ, ಪರಿಹಾರ ಕೊಡ್ತೀನಿ ಅಂತ ಮಾತು ಕೊಡುವಂತಿಲ್ಲ, ದುಡ್ಡನ್ನಂತೂ ಕಟ್ಟುವಂತೆಯೇ ಇಲ್ಲ. ಊರ ಮುಂದೆ ಪಂಚಾಯ್ತಿ ಸೇರಿಸಿ, ಮರ್ಯಾದೆಗೆ ಅಂಜಿ ಸೈ ಹಾಕಿ, ಆಮೇಲೆ ಕ್ಲೇಮಿಗೆ ಬಂದವರ ಫೈಲುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಠಾಣೆಗೂ ವಿಮಾ ಕಂಪನಿಗೂ ಬರವಣಿಗೆಯಲ್ಲಿ ತಿಳಿಸಿ. ಮುರಿದ ಕಂಬ, ಬಿದ್ದ ಟಿ.ಸಿ., ಅದರ ಮೇಲಿನ ಕೆವಿಎ ಪ್ಲೇಟು ಎಲ್ಲದರ ಫೋಟೊ ಇಟ್ಟುಕೊಳ್ಳಿ.

ಪ್ಲೇಟಿನ ಫೋಟೊ ಯಾಕೆಂದರೆ, ನೀವು ತುಂಬಬೇಕಾದದ್ದು ಮುರಿದದ್ದರ ನಷ್ಟ. 63 ಕೆವಿಎ ಬಿದ್ದಿದ್ದರೆ 63ರ ಲೆಕ್ಕ. ಊರಿಗೆ 100 ಬೇಕಿದ್ದರೆ ಮೇಲಿನದ್ದು ಕರೆಂಟ್ ಆಫೀಸಿನವರ ಖರ್ಚು. ಹಳೇ ಟಿ.ಸಿ. ಎಷ್ಟು ವರ್ಷ ಓಡಿತ್ತು, ಅದರ ಸವಕಳಿ ಎಷ್ಟು, ಒಳಗಿನ ತಂತಿ ಮತ್ತು ತಗಡಿನ ಗುಜರಿ ಬೆಲೆ ಯಾರಿಗೆ ಹೋಯಿತು, ಈ ಮೂರನ್ನೂ ಬಾಯಿಮಾತಲ್ಲಿ ಕೇಳಬೇಡಿ, ಅರ್ಜಿ ಬರೆದು ಕೇಳಿ. ಒಟ್ಟು ಮೊತ್ತದ ಚೀಟಿ ಒಪ್ಪಬೇಡಿ, ಬಾಬ್ತುವಾರು ಎಸ್ಟಿಮೇಟ್ ಕೊಡಲಿ.

ಒಂದು ವಿಷಯ ನೀವು ಬರೆದಿಲ್ಲ. ಕಬ್ಬು ಯಾರದು? ನಿಮ್ಮ ಹೊಲದ್ದಾದರೆ ಚಿಂತೆ ಕಡಿಮೆ. ಟ್ರ್ಯಾಕ್ಟರ್ ಕೃಷಿ ಉಪಯೋಗಕ್ಕೆ ಅಂತ ನೋಂದಣಿಯಾಗಿದ್ದು ಪಕ್ಕದವರ ಕಬ್ಬನ್ನು ಬಾಡಿಗೆಗೆ ಹೊಡೆಯುತ್ತಿದ್ದರೆ ವಿಮಾ ಕಂಪನಿ ತಕರಾರು ತೆಗೆಯುವುದು ಖಂಡಿತ. ಟ್ರೈಲರಿಗೂ ಬೇರೆ ನೋಂದಣಿ, ವಿಮೆ ಬೇಕು. ಸೀಸನ್‌ನಲ್ಲಿ ನಂಬರೇ ಇಲ್ಲದ ಟ್ರೈಲರುಗಳು ಮದ್ದೂರು ರಸ್ತೆಯಲ್ಲಿ ಎಷ್ಟು ಓಡಾಡುತ್ತವೆ ಅಂತ ನಿಮಗೆ ನಾನು ಹೇಳಬೇಕೇ!

ಇನ್ನು ಅಮೆರಿಕದ ಕಥೆ. 2024ರ ಮಾರ್ಚ್ 26ರಂದು ಬಾಲ್ಟಿಮೋರ್‌ನಲ್ಲಿ ‘ಡಾಲಿ’ ಅನ್ನುವ ಸರಕು ಹಡಗು ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆಗೆ ಗುದ್ದಿತು, ಮೇಲೆ ಕೆಲಸ ಮಾಡುತ್ತಿದ್ದ ಆರು ಜನ ಸತ್ತರು. ಖರ್ಚು ಒಕ್ಕೂಟ ಸರ್ಕಾರ ಹೊರುತ್ತದೆ ಅಂತ ಅಧ್ಯಕ್ಷರು ಹೇಳಿದ್ದು ನಿಜ. ಹಾಗಂತ ಹಡಗಿನವರನ್ನು ಬಿಟ್ಟುಬಿಡಲಿಲ್ಲ. 1851ರ ಒಂದು ಕಾನೂನು ಹಿಡಿದು ನಮ್ಮ ಹೊಣೆ ಸುಮಾರು 4.37 ಕೋಟಿ ಡಾಲರಿಗೆ ನಿಲ್ಲಲಿ ಅಂತ ಅವರು ಕೋರ್ಟಿಗೆ ಹೋಗಿದ್ದರು. ಸರ್ಕಾರ ದಾವೆ ಹೂಡಿತು. ರಕ್ಷಣಾ ಕಾರ್ಯ, ಅವಶೇಷ ತೆರವಿನ ಖರ್ಚಿಗೇ ಸುಮಾರು 10.2 ಕೋಟಿ ಡಾಲರ್ ಕೊಡಲು ಅದೇ ಅಕ್ಟೋಬರಿನಲ್ಲಿ ಅವರು ಒಪ್ಪಬೇಕಾಯಿತು. ಸೇತುವೆಯ ದುಡ್ಡಿನ ಮಾತು ಅದರಲ್ಲಿ ಸೇರಿರಲಿಲ್ಲ.

ಅಲ್ಲಿಂದ ನಾವು ಕಲಿಯಬೇಕಾದದ್ದು ಒಂದೇ, ಜನರಿಗೆ ಮೊದಲು ಅನುಕೂಲ ಮಾಡಿಕೊಟ್ಟು ವಸೂಲಿಯ ಜಗಳ ಆಮೇಲೆ ಇಟ್ಟುಕೊಳ್ಳುವುದು. ನಿಮ್ಮೂರಲ್ಲಿ ಆಗುತ್ತಿರುವುದು ತಲೆಕೆಳಗು. ನೀವು ಕಟ್ಟುವ ತನಕ ಬೆಳೆ ಒಣಗಲಿ ಅನ್ನುವುದು ಯಾವ ನ್ಯಾಯ? ಕೆಟ್ಟ ಟಿ.ಸಿ.ಯನ್ನು ಹಳ್ಳಿಗಳಲ್ಲಿ 72 ಗಂಟೆಯೊಳಗೆ ಬದಲಿಸಬೇಕು ಅಂತ ವಿದ್ಯುತ್ ನಿಯಂತ್ರಣ ಆಯೋಗದ ನಿಯಮ ಇದೆ. ಊರಿನವರು ನಿಮ್ಮ ಮೇಲೆ ಬೀಳುವ ಬದಲು ಅದೇ ಸಿಟ್ಟಿನಲ್ಲಿ ಒಂದು ಸಾಮೂಹಿಕ ಅರ್ಜಿಗೆ ಸೈ ಹಾಕಲಿ, ನೀವೂ ಹಾಕಿ.

ಪ್ರಶ್ನೆ: ಮಗನ ಸ್ಕೂಟರ್ ರಿಂಗ್ ರಸ್ತೆಯ ಬೀದಿದೀಪದ ಕಂಬಕ್ಕೆ ಗುದ್ದಿ ಕಂಬ ಬಾಗಿದೆ. ‘ಸಾರ್ವಜನಿಕ ಆಸ್ತಿ ನಾಶದ ಕೇಸು, ಐದು ವರ್ಷ ಜೈಲು’ ಅಂತ ಯಾರೋ ಹೆದರಿಸಿದ್ದಾರೆ.
– ಒಬ್ಬ ತಾಯಿ, ಮೈಸೂರು

ಉತ್ತರ: ಹೆದರಬೇಡಿ ತಾಯಿ. 1984ರ ಆ ಕಾಯ್ದೆ ಬೇಕಂತಲೇ ಹಾಳು ಮಾಡುವವರಿಗೆ, ಬಸ್ಸಿಗೆ ಕಲ್ಲು ತೂರುವಂಥವರಿಗೆ. ಬ್ರೇಕ್ ಹಿಡಿಯದೆ ಕಂಬಕ್ಕೆ ಗುದ್ದಿದ ಹುಡುಗನಿಗೆ ಅಲ್ಲ. ಅಡ್ಡಾದಿಡ್ಡಿ ಓಡಿಸಿದ್ದಕ್ಕೆ ಕೇಸು ಆಗಬಹುದು, ಕಂಬದ ದುಡ್ಡನ್ನೂ ಕೇಳುತ್ತಾರೆ. ದ್ವಿಚಕ್ರ ವಾಹನದ ಪಾಲಿಸಿಯಲ್ಲಿ ಆಸ್ತಿ ನಷ್ಟಕ್ಕೆ ಸಾಮಾನ್ಯವಾಗಿ 1 ಲಕ್ಷ ರೂಪಾಯಿವರೆಗೆ ರಕ್ಷಣೆ ಇರುತ್ತದೆ, ಬಾಗಿದ ಕಂಬಕ್ಕೆ ಅದು ಸಾಕಾಗಬೇಕು. ಅಪಘಾತವಾದ 24 ಗಂಟೆಯೊಳಗೆ ಠಾಣೆಗೆ ತಿಳಿಸಬೇಕಿತ್ತು. ಇನ್ನೂ ತಿಳಿಸದಿದ್ದರೆ ಪತ್ರಿಕೆ ಮಡಚಿಟ್ಟು ಈಗಲೇ ಮಗನನ್ನು ಕರೆದುಕೊಂಡು ಹೋಗಿ. ಅವನ ಲೈಸೆನ್ಸ್ ಮರೆಯದೆ ತೆಗೆದುಕೊಳ್ಳಿ. ಲೈಸೆನ್ಸೇ ಇಲ್ಲವಾದರೆ ಇನ್ನೊಂದು ಪತ್ರ ಬರೆಯಿರಿ, ಆಗ ಉತ್ತರ ಇಷ್ಟು ಸಲೀಸಾಗಿರುವುದಿಲ್ಲ.